ಅಮೆರಿಕದ ಪರೀಕ್ಷೆ, ತುಳಸಿಗೇರಿಯ ಪ್ರಶ್ನೆಗಳು

ಗೆಳೆಯರೇ, ಮೊದಲು ಎರಡು ಪ್ರಶ್ನೆ. ಅಮೆರಿಕದ ಅಧ್ಯಕ್ಷರು ಯಾರು? ಇದಕ್ಕೆ ನಮ್ಮ ಕಾಲೇಜಿನಲ್ಲಿ ತಪ್ಪು ಉತ್ತರ ಕೊಡೋರು ಸಿಗಲಿಕ್ಕಿಲ್ಲ. ವೀಸಾ ಬಗ್ಗೆ ಅವರು ಏನಾದರೂ ಹೇಳಿದ ದಿನ ಹಾಸ್ಟೆಲ್ ಮೆಸ್ಸಿನಲ್ಲಿ ಬೇರೆ ಮಾತೇ ಇರೋದಿಲ್ಲ. ಈಗ ಎರಡನೇದು. ನಿಮ್ಮೂರಿನಲ್ಲಿ, ನಿಮ್ಮ ಮನೆ ಇರುವ ವಾರ್ಡಿನಿಂದ ಗ್ರಾಮ ಪಂಚಾಯಿತಿಗೆ ಆಯ್ಕೆಯಾದವರು ಯಾರು? ಕಳೆದ ಗ್ರಾಮಸಭೆ ಯಾವಾಗ ಆಯ್ತು? ಇಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ತೇವೆ.

ಇದರಲ್ಲಿ ಯಾರನ್ನೂ ಬೈಯೋದು ಈ ಲೇಖನದ ಉದ್ದೇಶ ಅಲ್ಲ. ದೂರದ ಸರ್ಕಾರ ಟಿವಿಯಲ್ಲಿ, ಮೊಬೈಲಿನಲ್ಲಿ ತಾನಾಗಿಯೇ ನಮ್ಮ ಹತ್ತಿರ ಬರುತ್ತದೆ. ಹತ್ತಿರದ ಸರ್ಕಾರದ ಹತ್ತಿರ ಮಾತ್ರ ನಾವೇ ಹೋಗಬೇಕು. ಆದರೆ ನಮ್ಮ ಮನೆಯ ಮುಂದಿನ ಗಟಾರ, ನಳದ ನೀರು, ಬೀದಿದೀಪ, ಅವ್ವನ ಹೆಸರಿನ ಮನೆ ಮಂಜೂರಾತಿ ಇವೆಲ್ಲ ನಿರ್ಧಾರ ಆಗೋದು ಈ ಹತ್ತಿರದ ಸರ್ಕಾರದಲ್ಲಿ. ಹಾಗಾಗಿ ಸರ್ಕಾರವನ್ನು ತಿಳಿದುಕೊಳ್ಳುವುದು ಸಾಮಾನ್ಯ ಜ್ಞಾನದ ವಿಷಯ ಅಲ್ಲ, ಅದೊಂದು ಉಪಕರಣ. ಟೇಪು, ಮಲ್ಟಿಮೀಟರು ಇದ್ದ ಹಾಗೆ. ಹಿಡಿಯಲು ಬಂದವರ ಕೈಯಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಅದನ್ನು ಹಿಡಿಯುವುದು ಹೇಗೆ ಅಂತ ಅಮೆರಿಕದಿಂದ ಶುರು ಮಾಡಿ ತುಳಸಿಗೇರಿಯವರೆಗೆ ಬರೋಣ.

ಅಲ್ಲಿಯ ಪರೀಕ್ಷೆ

ಹೊರಗಿನಿಂದ ಹೋದವರು ಅಮೆರಿಕದ ಪೌರರಾಗಬೇಕಾದರೆ ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕ ಮೇಲೆ ಐದು ವರ್ಷ ಕಾಯಬೇಕು. ಆಮೇಲೆ ಒಬ್ಬ ಅಧಿಕಾರಿಯ ಎದುರು ಕೂತು ಇಂಗ್ಲಿಷ್ ಪರೀಕ್ಷೆ ಕೊಡಬೇಕು, ಜೊತೆಗೆ ಅಲ್ಲಿನ ಸರ್ಕಾರ ಮತ್ತು ಚರಿತ್ರೆಯ ಪರೀಕ್ಷೆಯನ್ನೂ ಕೊಡಬೇಕು. ಬಹಳ ವರ್ಷ ಆ ಪಟ್ಟಿಯಲ್ಲಿ 100 ಪ್ರಶ್ನೆಗಳಿದ್ದವು. ಅಧಿಕಾರಿ ಬಾಯಿಮಾತಿನಲ್ಲಿ 10 ಕೇಳುತ್ತಿದ್ದರು, 6 ಸರಿ ಬಂದರೆ ಪಾಸು. 2025ರ ಅಕ್ಟೋಬರ್ 20ರಿಂದ ಅರ್ಜಿ ಹಾಕಿದವರಿಗೆ ಪಟ್ಟಿ 128ಕ್ಕೆ ಏರಿದೆ. ಈಗ ಕೇಳುವುದು 20, ಸರಿ ಬರಬೇಕಾದದ್ದು 12.

ಪ್ರಶ್ನೆಗಳು ಗುಟ್ಟಾಗಿಲ್ಲ. ಉತ್ತರದ ಸಮೇತ ಸರ್ಕಾರವೇ ಪ್ರಕಟಿಸಿದೆ. ದೇಶದ ಸರ್ವೋಚ್ಚ ಕಾನೂನು ಯಾವುದು? ಸೆನೆಟ್ ಸದಸ್ಯರು ಎಷ್ಟು? ನಿಮ್ಮ ಕ್ಷೇತ್ರದ ಪ್ರತಿನಿಧಿಯ ಹೆಸರೇನು? ಸರ್ಕಾರದ ಒಂದು ಅಂಗ ವಿಪರೀತ ಬಲಶಾಲಿ ಆಗದಂತೆ ತಡೆಯುವುದು ಯಾವುದು? ಇಂಥವೇ. ಬಾಯಿಪಾಠ ಮಾಡಿ ಪಾಸಾಗಬಹುದು, ನಿಜ. ನಾವೂ ಎಷ್ಟೋ ಸೆಮಿಸ್ಟರ್ ಹಾಗೇ ದಾಟಿಸಿದ್ದೇವೆ. ಆದರೂ ಆ ಪಟ್ಟಿಯ ಹಿಂದೆ ಒಂದು ನಿರೀಕ್ಷೆ ಇದೆ: ಇಲ್ಲಿ ಮತ ಹಾಕುವ ಮೊದಲು ಇಲ್ಲಿನ ಸರ್ಕಾರ ಹೇಗೆ ನಡೆಯುತ್ತದೆ ಅಂತ ನಿನಗೆ ಗೊತ್ತಿರಲಿ.

ಇನ್ನೊಂದು ಸಂಗತಿ ನೋಡ್ರಿ. ಎಚ್-1ಬಿ ವೀಸಾದ ಮೇಲೆ ಹೋದ ನಮ್ಮ ಕಡೆಯ ಇಂಜಿನಿಯರು ಅಲ್ಲಿ ತೆರಿಗೆ ಕಟ್ಟುತ್ತಾರೆ, ಆದರೆ ಅಲ್ಲಿನ ಅಧ್ಯಕ್ಷರನ್ನು, ಕಾಂಗ್ರೆಸ್ ಸದಸ್ಯರನ್ನು ಆರಿಸುವ ಮತ ಅವರಿಗಿಲ್ಲ. ಭಾರತೀಯರ ಗ್ರೀನ್ ಕಾರ್ಡ್ ಸಾಲು ಎಷ್ಟು ಉದ್ದ ಅಂತ ಎಲ್ಲರಿಗೂ ಗೊತ್ತು. ವರ್ಷಗಟ್ಟಲೆ ಸಾಲಿನಲ್ಲಿ ನಿಂತು, ಪರೀಕ್ಷೆ ಪಾಸಾಗಿ, ಪ್ರಮಾಣವಚನ ತೆಗೆದುಕೊಂಡ ಮೇಲೆ ಅವರಿಗೆ ಮತ ಸಿಗುತ್ತದೆ. ಹಾಗೆ ಸಿಕ್ಕಿದ್ದನ್ನು ಕೆಲವರು ದೂರದವರೆಗೂ ಒಯ್ದಿದ್ದಾರೆ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅಲ್ಲಿಗೆ ಓದಲು ಹೋದವರು. ಪೌರತ್ವ ಪಡೆದು, 2022ರ ನವೆಂಬರಿನಲ್ಲಿ ಮಿಶಿಗನ್ ರಾಜ್ಯದಿಂದ ಅಮೆರಿಕದ ಪ್ರತಿನಿಧಿ ಸಭೆಗೆ ಆಯ್ಕೆಯಾದರು.

ನಮಗೆ? ಇಲ್ಲಿ ಹುಟ್ಟಿದ ನಮಗೆ ಯಾರೂ ಪರೀಕ್ಷೆ ಇಡಲಿಲ್ಲ. 61ನೇ ತಿದ್ದುಪಡಿಯಿಂದ 1989ರಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಅಮೆರಿಕದಲ್ಲಿ ಇದೇ ಬದಲಾವಣೆ 1971ರಲ್ಲಿ ಆಗಿತ್ತು. ಹದಿನೆಂಟು ತುಂಬಿದರೆ ಸಾಕು, ಮತ ನಮ್ಮದು. ವಿ.ಟಿ.ಯು. ಪಠ್ಯದಲ್ಲಿ ಸಂವಿಧಾನದ ಒಂದು ಪತ್ರಿಕೆ ಇದೆ. ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ, ಬರೆದು ಬಂದ ಮಧ್ಯಾಹ್ನವೇ ಮರೆಯುವುದು ನಮ್ಮ ಪದ್ಧತಿ. ಪುಕ್ಕಟೆ ಸಿಕ್ಕ ವಸ್ತುವಿನ ಕೈಪಿಡಿಯನ್ನು ಯಾರು ಓದುತ್ತಾರೆ?

ತುಳಸಿಗೇರಿಗೆ ಎಷ್ಟು ಸರ್ಕಾರ?

ಈಗ ಊರಿಗೆ ಬರೋಣ. ಬಾಗಲಕೋಟೆಯಿಂದ ಕಲಾದಗಿ ಕಡೆ ಹೋಗುವ ದಾರಿಯಲ್ಲಿ ತುಳಸಿಗೇರಿ. ಆಂಜನೇಯನ ಗುಡಿಯಿಂದ ಹೆಸರಾದ ಊರು. ಶನಿವಾರ ಆ ಕಡೆ ಬಸ್ಸು ಹತ್ತಿದವರಿಗೆ ಜನಸಂದಣಿ ಹೇಳಿಕೊಡಬೇಕಾಗಿಲ್ಲ. ಮುಂದಿನ ಕಲಾದಗಿ ಬ್ರಿಟಿಷರ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿತ್ತು. ಆಮೇಲೆ ಆ ಕೇಂದ್ರ ವಿಜಯಪುರಕ್ಕೆ ಹೋಯಿತು. ಕೊನೆಗೆ 1997ರ ಆಗಸ್ಟ್ 15ರಂದು ಬಾಗಲಕೋಟೆಯೇ ಪ್ರತ್ಯೇಕ ಜಿಲ್ಲೆಯಾಯಿತು. ಅಂದರೆ ಊರು ಕದಲದೆ ಇದ್ದಲ್ಲೇ ಇತ್ತು, ಸರ್ಕಾರದ ಕಚೇರಿ ಮಾತ್ರ ಅದರ ಸುತ್ತ ಜಾಗ ಬದಲಿಸುತ್ತಾ ಬಂತು.

ಈ ಊರಿನ ಒಬ್ಬ ಮತದಾರನಿಗೆ ಎಷ್ಟು ಹಂತದ ಸರ್ಕಾರ ಇದೆ? ಎಣಿಸೋಣ. ಗ್ರಾಮ ಪಂಚಾಯಿತಿ, ಬಾಗಲಕೋಟೆ ತಾಲ್ಲೂಕು ಪಂಚಾಯಿತಿ, ಬಾಗಲಕೋಟೆ ಜಿಲ್ಲಾ ಪಂಚಾಯಿತಿ, ವಿಧಾನಸಭೆ, ಲೋಕಸಭೆ. ಐದು ಕಡೆಗೆ ನೇರವಾಗಿ ಮತ ಹಾಕುವ ಹಕ್ಕು. ತಾಲ್ಲೂಕಿನ ಗಡಿ ಬೇರೆ, ಚುನಾವಣಾ ಕ್ಷೇತ್ರದ ಗಡಿ ಬೇರೆ ಅನ್ನೋದನ್ನೂ ನೆನಪಿಡಿ. ಬಾಗಲಕೋಟೆ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ ಏಳು ನಮ್ಮ ಜಿಲ್ಲೆಯವು, ಎಂಟನೆಯದಾದ ನರಗುಂದ ಗದಗ ಜಿಲ್ಲೆಯದು. ಹಾಗಾಗಿ ‘ನಮ್ಮ ಎಂಪಿ’ ಅಂದರೆ ಬರೀ ನಮ್ಮ ಜಿಲ್ಲೆಯವರ ಎಂಪಿ ಅಲ್ಲ.

ಯಾವ ಕೆಲಸಕ್ಕೆ ಯಾರನ್ನು ಕೇಳಬೇಕು ಅನ್ನೋದು ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಬೀದಿದೀಪಕ್ಕೆ ಎಂಪಿಯನ್ನು ಬೈಯುತ್ತೇವೆ, ರೈಲಿಗೆ ಪಂಚಾಯಿತಿ ಅಧ್ಯಕ್ಷರನ್ನು ಬೈಯುತ್ತೇವೆ. ಬೈಗುಳ ಇಬ್ಬರಿಗೂ ತಾಗೋದಿಲ್ಲ, ಯಾಕಂದರೆ ಅದು ತಪ್ಪು ವಿಳಾಸಕ್ಕೆ ಹೋದ ಕಾಗದ.

ಎರಡು ಸಂವಿಧಾನ, ಒಂದು ವ್ಯತ್ಯಾಸ

1787ರಲ್ಲಿ ಬರೆದ ಅಮೆರಿಕದ ಸಂವಿಧಾನವೂ ನಮ್ಮ ಸಂವಿಧಾನವೂ ಶುರುವಾಗುವುದು ‘ನಾವು ಜನರು’ ಅನ್ನುವ ಅರ್ಥದ ಮಾತಿನಿಂದಲೇ. ಆದರೆ ಒಳಗೆ ಹೋದರೆ ವ್ಯತ್ಯಾಸಗಳಿವೆ. ಅಲ್ಲಿ ಕೇಂದ್ರಕ್ಕೆ ಕೊಡದೆ ಉಳಿದ ಅಧಿಕಾರ ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದ್ದು ಅಂತ ಹತ್ತನೇ ತಿದ್ದುಪಡಿ ಹೇಳುತ್ತದೆ. ನಮ್ಮಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ವಿಷಯ 248ನೇ ವಿಧಿಯ ಪ್ರಕಾರ ಸಂಸತ್ತಿಗೆ ಹೋಗುತ್ತದೆ. ಇದು ಪರೀಕ್ಷೆಯಲ್ಲಿ ಬರುವ ವ್ಯತ್ಯಾಸ.

ಪರೀಕ್ಷೆಯಲ್ಲಿ ಅಷ್ಟಾಗಿ ಬರದ ಇನ್ನೊಂದು ವ್ಯತ್ಯಾಸ ಇದೆ. ಅಮೆರಿಕದ ಸಂವಿಧಾನದಲ್ಲಿ ಊರಿನ ಸರ್ಕಾರದ ಮಾತೇ ಇಲ್ಲ. ಪಟ್ಟಣ, ಕೌಂಟಿ ಎಲ್ಲ ಆಯಾ ರಾಜ್ಯದ ಕಾನೂನಿನಿಂದ ಹುಟ್ಟಿದವು. ಆದರೂ ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳ ಎಷ್ಟೋ ಸಣ್ಣ ಊರುಗಳಲ್ಲಿ ಪಟ್ಟಣ ಸಭೆ ಅನ್ನುವ ಹಳೇ ಪದ್ಧತಿ ಇವತ್ತಿಗೂ ಇದೆ. ವರ್ಮಾಂಟ್ ರಾಜ್ಯದಲ್ಲಿ ಮಾರ್ಚ್ ತಿಂಗಳ ಮೊದಲ ಮಂಗಳವಾರ ಅದಕ್ಕೆ ಮೀಸಲು. ಊರಿನ ಮತದಾರರೇ ಸೇರಿ ಊರಿನ ಬಜೆಟ್ಟಿಗೆ ಮತ ಹಾಕುತ್ತಾರೆ. ರಸ್ತೆಯ ಹಿಮ ತೆಗೆಯುವ ಗಾಡಿಗೆ ಎಷ್ಟು ಖರ್ಚು ಅನ್ನೋದೂ ಅಲ್ಲಿ ಚರ್ಚೆಯ ವಿಷಯ.

ನಮ್ಮಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಗ್ರಾಮಸಭೆ ನಮ್ಮ ಸಂವಿಧಾನದ 243ನೇ ವಿಧಿಯಲ್ಲೇ ಇದೆ. ಊರಿನ ಮತದಾರರ ಪಟ್ಟಿಯಲ್ಲಿ ಇರುವವರೆಲ್ಲ ಅದರ ಸದಸ್ಯರು. ಸದಸ್ಯತ್ವಕ್ಕೆ ಅರ್ಜಿ ಬೇಡ, ಫೀ ಬೇಡ, ಯಾರ ಶಿಫಾರಸೂ ಬೇಡ. ಅವರ ಸಂವಿಧಾನದಲ್ಲಿ ಕುರ್ಚಿ ಹಾಕಿಲ್ಲ, ಆದರೂ ಜನ ಬಂದು ಕೂರುತ್ತಾರೆ. ನಮ್ಮ ಸಂವಿಧಾನ ಕುರ್ಚಿ ಹಾಕಿ ಇಟ್ಟಿದೆ. ಕೂರುವವರು?

ಕುರ್ಚಿ ಬಂದ ದಾರಿ

ನಮ್ಮ ಕಡೆಯವರಿಗೆ ಚರಿತ್ರೆಯ ಹೆಮ್ಮೆಗೆ ಕೊರತೆ ಇಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯ ‘ಐನೂರ್ವರು’ ಅನ್ನುವ ವರ್ತಕರ ಸಂಘ ದಕ್ಷಿಣ ಭಾರತದ ತುಂಬ ಹರಡಿತ್ತು. ಅವರಿಗೆ ಅವರದೇ ಕಟ್ಟುಪಾಡು. ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನ ಎಂಟನೇ ಶತಮಾನದ ಶಾಸನವೊಂದು ಲಕ್ಷ್ಮೇಶ್ವರದಲ್ಲಿದೆ. ಅರಸನ ಅಧಿಕಾರಿಗಳು ಊರವರ ಜೊತೆ ಹೇಗೆ ನಡೆದುಕೊಳ್ಳಬೇಕು, ಊರವರು ಯಾವ ತೆರಿಗೆ ಕೊಡಬೇಕು ಅನ್ನುವ ಕರಾರು ಅದರಲ್ಲಿ ಕಲ್ಲಿನ ಮೇಲೆ ಬರೆದಿದೆ. ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಅಂತ ಭಾಷಣದಲ್ಲಿ ಹೇಳುತ್ತೇವೆ. ಹೆಮ್ಮೆ ಇರಲಿ. ಆದರೆ ಆ ಕಾಲದಲ್ಲಿ ಊರಿನ ಎಲ್ಲರಿಗೂ, ಹೆಂಗಸರಿಗೂ, ಭೂಮಿ ಇಲ್ಲದವರಿಗೂ ಕಾನೂನಿನ ಪ್ರಕಾರ ಸಮ ಮತ ಇರಲಿಲ್ಲ. ಅದು ಬಂದದ್ದು ನಮ್ಮ ಅಜ್ಜ-ಅಜ್ಜಿಯರ ಕಾಲಕ್ಕೆ.

ಕರ್ನಾಟಕದಲ್ಲಿ ಈ ಮಾತು ಬಂದಾಗ ನೆನೆಯಬೇಕಾದ ಹೆಸರು ಅಬ್ದುಲ್ ನಜೀರ್ ಸಾಬ್. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿ. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಪ್ರೀತಿಯಿಂದ ‘ನೀರ್ ಸಾಬ್’ ಅಂದರು. ಅವರ ಕಾಲದ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದಿತು. ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತು. ಆ ಕಾಯ್ದೆಯಡಿ 1987ರಲ್ಲಿ ಚುನಾವಣೆ ಆಯಿತು. ದೇಶಕ್ಕೆಲ್ಲ ಅನ್ವಯಿಸುವ ಸಂವಿಧಾನದ 73ನೇ ತಿದ್ದುಪಡಿ ಜಾರಿಗೆ ಬಂದದ್ದು 1993ರ ಏಪ್ರಿಲ್ 24ರಂದು, ಅಂದರೆ ನಮ್ಮ ರಾಜ್ಯ ಅದಾಗಲೇ ಅಭ್ಯಾಸ ಮಾಡಿಕೊಂಡ ಮೇಲೆ. ಮರು ತಿಂಗಳೇ, 1993ರ ಮೇ 10ರಿಂದ ಕರ್ನಾಟಕದ ಹೊಸ ಕಾಯ್ದೆ ಬಂತು. ಆಮೇಲಿನ ತಿದ್ದುಪಡಿಗಳಿಂದ ಈಗ ಅದರ ಹೆಸರು ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ. ಮಹಿಳೆಯರ ಪಾಲು ಈಗ ಅರ್ಧ.

ಸ್ವಲ್ಪ ಲೆಕ್ಕ ಮಾಡೋಣ

ಇಂಜಿನಿಯರಿಂಗ್ ಓದುವವರಿಗೆ ಲೆಕ್ಕ ಇಲ್ಲದೆ ಪಾಠ ರುಚಿಸೋದಿಲ್ಲ. ಒಂದು ಪಂಚಾಯಿತಿಯ ಜನಸಂಖ್ಯೆ 8,000 ಅಂತ ಇಟ್ಟುಕೊಳ್ಳಿ. ಕಾಯ್ದೆಯ ಪ್ರಕಾರ 400 ಜನಕ್ಕೆ ಒಬ್ಬ ಸದಸ್ಯ. 8,000 ÷ 400 = 20 ಸದಸ್ಯರು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ನಿಲ್ಲಲು 21 ವರ್ಷ ತುಂಬಿದರೆ ಸಾಕು. ನಮ್ಮ ಕೊನೆ ವರ್ಷದ ಹುಡುಗ-ಹುಡುಗಿಯರಲ್ಲಿ ಹಲವರು ಮತದಾರರಷ್ಟೇ ಅಲ್ಲ, ಅಭ್ಯರ್ಥಿಗಳೂ ಆಗಬಹುದು.

ಈಗ ಗ್ರಾಮಸಭೆ. ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಕೋರಂ ಅಂದರೆ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ನಮ್ಮ ಉದಾಹರಣೆಯ ಪಂಚಾಯಿತಿಯಲ್ಲಿ ಮತದಾರರು 5,500 ಅಂತ ಹಿಡಿದರೆ ಹತ್ತನೇ ಒಂದು ಭಾಗ 550, ಅದಕ್ಕಿಂತ 100 ಕಡಿಮೆ. ಅಂದರೆ 100 ಜನ ಬಂದರೆ ಸಭೆ ಊರ್ಜಿತ. ಬಂದವರಲ್ಲಿ ನೂರಕ್ಕೆ 30ರಷ್ಟು ಮಹಿಳೆಯರಿರಬೇಕು. ಇದಕ್ಕೂ ಮೊದಲು ವಾರ್ಡ್ ಸಭೆ ಆಗಬೇಕು. ಅದರ ಕೋರಂ ಇನ್ನೂ ಸಣ್ಣದು: ವಾರ್ಡಿನ ಮತದಾರರ ಹತ್ತನೇ ಒಂದು ಭಾಗ ಅಥವಾ 20 ಜನ, ಯಾವುದು ಕಡಿಮೆಯೋ ಅದು.

ಈ ಸಂಖ್ಯೆಗಳನ್ನು ಎರಡು ರೀತಿ ಓದಬಹುದು. ಒಂದು, ಇದು ಅಪಾಯ. 5,500ರಲ್ಲಿ 100 ಅಂದರೆ ನೂರಕ್ಕೆ ಎರಡೂ ಇಲ್ಲ. ಅಷ್ಟು ಜನ ಸೇರಿ ಇಡೀ ಊರಿನ ಯೋಜನೆ, ಮನೆ ಸಿಗುವ ಫಲಾನುಭವಿಗಳ ಪಟ್ಟಿ ಎಲ್ಲ ಒಪ್ಪಬಹುದು. ಆ ನೂರು ಜನರೂ ಸಭೆಗೆ ಬರದೆ, ರಿಜಿಸ್ಟರ್ ಪುಸ್ತಕವೇ ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಯಿತು ಅನ್ನುವ ದೂರು ನಾವೆಲ್ಲ ಎಲ್ಲೋ ಒಂದು ಕಡೆ ಕೇಳಿದವರೇ. ಎರಡನೇ ಓದು, ಇದು ಅವಕಾಶ. ವಾರ್ಡ್ ಸಭೆಯಲ್ಲಿ 20 ಜನ ಇದ್ದಾಗ ಓದಿದ ಐದು ಹುಡುಗ-ಹುಡುಗಿಯರು ಹೋಗಿ ಕೂತರೆ ಅವರೇ ಸಭೆಯ ನಾಲ್ಕನೇ ಒಂದು ಭಾಗ. ದೇಶದ ಯಾವ ಚುನಾವಣೆಯಲ್ಲೂ ನಮ್ಮ ಐದು ಜನರ ಮಾತಿಗೆ ಇಷ್ಟು ತೂಕ ಸಿಗೋದಿಲ್ಲ.

ದುಡ್ಡು ಎಲ್ಲಿಂದ, ಸಿಮೆಂಟು ಎಷ್ಟು?

ಪಂಚಾಯಿತಿಗೆ ದುಡ್ಡು ಮುಖ್ಯವಾಗಿ ಮೂರು ದಾರಿಯಲ್ಲಿ ಬರುತ್ತದೆ. ಮನೆ, ಅಂಗಡಿ, ಖಾಲಿ ನಿವೇಶನದ ಮೇಲಿನ ತೆರಿಗೆ ಮತ್ತು ನೀರಿನ ಕರ ಒಂದು. ಕೃಷಿ ಕಂದಾಯಕ್ಕೆ ಒಳಪಟ್ಟ ಹೊಲದ ಮೇಲೆ ಪಂಚಾಯಿತಿ ಈ ತೆರಿಗೆ ಹಾಕುವಂತಿಲ್ಲ. ರಾಜ್ಯ ಸರ್ಕಾರದ ಅನುದಾನ ಎರಡನೇದು. ಮೂರನೇದು ಕೇಂದ್ರ ಹಣಕಾಸು ಆಯೋಗದ ಅನುದಾನ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಶಿಫಾರಸು ಮಾಡಿದ ಈ ಹಣದಲ್ಲಿ ನೂರಕ್ಕೆ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಖರ್ಚಾಗಬೇಕು, 40 ಭಾಗ ಊರಿನ ಅಗತ್ಯಕ್ಕೆ ತಕ್ಕಂತೆ. ಆ 40 ಭಾಗದಲ್ಲಿ ಯಾವ ಕೆಲಸ ಮೊದಲು ಅನ್ನುವ ಮಾತು ಆಡಬೇಕಾದ ಜಾಗವೇ ಗ್ರಾಮಸಭೆ.

ಇಲ್ಲಿ ನಮ್ಮ ಓದಿನ ಬೆಲೆ ನೋಡ್ರಿ. ಒಂದು ಓಣಿಗೆ ಕಾಂಕ್ರೀಟ್ ರಸ್ತೆ ಮಂಜೂರಾಗಿದೆ ಅಂತ ಇಟ್ಟುಕೊಳ್ಳೋಣ. ಅಂದಾಜುಪಟ್ಟಿಯಲ್ಲಿ ಉದ್ದ 100 ಮೀಟರ್, ಅಗಲ 3 ಮೀಟರ್, ದಪ್ಪ 150 ಮಿಲಿಮೀಟರ್. ಕಾಂಕ್ರೀಟ್ ಎಷ್ಟು? 100 × 3 × 0.15 = 45 ಘನ ಮೀಟರ್. ಹಾಕಿದ್ದು 100 ಮಿಲಿಮೀಟರ್ ಮಾತ್ರ ಆಗಿದ್ದರೆ 30 ಘನ ಮೀಟರ್. ಮೂರನೇ ಒಂದು ಭಾಗ ರಸ್ತೆಯಲ್ಲಿ ಇಲ್ಲ, ಬಿಲ್ಲಿನಲ್ಲಿ ಇದೆ. ಇದನ್ನು ಹಿಡಿಯಲು ಲೋಕಾಯುಕ್ತರೇ ಬರಬೇಕಾಗಿಲ್ಲ. ಎರಡನೇ ಸೆಮಿಸ್ಟರಿನ ಒಬ್ಬ ಸಿವಿಲ್ ವಿದ್ಯಾರ್ಥಿ, ಒಂದು ಟೇಪು, ಅಂದಾಜುಪಟ್ಟಿಯ ಒಂದು ಪ್ರತಿ ಇದ್ದರೆ ಸಾಕು.

ಆ ಪ್ರತಿ ಸಿಗುವುದು ಹೇಗೆ? ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು ಅಂದರೆ ಪಿಡಿಒ ಅವರನ್ನು ಬಾಯಿಮಾತಿನಲ್ಲಿ ಕೇಳಿ. ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಫೀ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳ ಒಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಯಾಕೆ ಬೇಕು ಅಂತ ಕಾರಣ ಹೇಳುವ ಅಗತ್ಯ ಇಲ್ಲ. ಇದಲ್ಲದೆ ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ಜಮಾಬಂದಿ ನಡೆಯುತ್ತದೆ. ಆ ವರ್ಷದ ಲೆಕ್ಕ, ಆದ ಕೆಲಸ ಎಲ್ಲವನ್ನೂ ಜನರ ಎದುರು ತೆರೆದಿಡುವ ದಿನ ಅದು. ಜಗಳ ಮಾಡಲಿಕ್ಕೆ ಹೋಗಬೇಡಿ, ಅಳೆಯಲಿಕ್ಕೆ ಹೋಗಿ. ‘ಯಾರು ತಿಂದರು?’ ಅಂತ ಕೇಳಿದರೆ ಗದ್ದಲ ಆಗುತ್ತದೆ. ‘ದಪ್ಪ ಎಷ್ಟು ಬರೆದೀರಿ, ಎಷ್ಟು ಹಾಕೀರಿ?’ ಅಂತ ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ.

ನೀರು ಬಂದಾಗ ಕೇಳಿದ ಪ್ರಶ್ನೆ

ಇದು ಬರೀ ಗಟಾರ, ರಸ್ತೆಯ ಮಾತಲ್ಲ. ನಮ್ಮ ಜಿಲ್ಲೆಯವರಿಗೆ ಸರ್ಕಾರದ ನಿರ್ಧಾರ ಅಂದರೆ ಏನು ಅಂತ ಕೃಷ್ಣೆಯ ಹಿನ್ನೀರು ಕಲಿಸಿದೆ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಆಣೆಕಟ್ಟು ಏರಿದಂತೆ ಹಳ್ಳಿಗಳು ಮುಳುಗಿದವು. ಹಳೇ ಬಾಗಲಕೋಟೆಯ ಭಾಗಗಳು ನೀರಿಗೆ ಹೋದವು, ನವನಗರ ಎದ್ದಿತು. ಈಗ ನೀರು ನಿಲ್ಲುವ ಮಟ್ಟ 519.60 ಮೀಟರ್. ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದ ಎರಡನೇ ನ್ಯಾಯಮಂಡಳಿ 2010ರ ಡಿಸೆಂಬರಿನಲ್ಲಿ ಒಪ್ಪಿತು. ನಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ‘ಮುಳುಗಡೆ’ ಅನ್ನುವ ಶಬ್ದ ಊಟದ ಹೊತ್ತಿನಲ್ಲಿ ಬರುತ್ತದೆ ಅಂತ ಕೈ ಎತ್ತಿಸಿದರೆ ತರಗತಿಯ ಅರ್ಧ ಕೈ ಏಳಬಹುದು.

ಹಿಂದೆ ಭೂಮಿ ತೆಗೆದುಕೊಳ್ಳುತ್ತಿದ್ದದ್ದು 1894ರ ಕಾಯ್ದೆಯಡಿ. ಅದರಲ್ಲಿ ಪರಿಹಾರದ ಮಾತಿತ್ತು, ಗ್ರಾಮಸಭೆಯ ಮಾತು ಇರಲಿಲ್ಲ. 2013ರ ಹೊಸ ಭೂಸ್ವಾಧೀನ ಕಾಯ್ದೆ ಒಂದು ಹೊಸ ಮಾತು ಸೇರಿಸಿತು: ಪುನರ್ವಸತಿ ಯೋಜನೆಯ ಕರಡನ್ನು ಬಾಧಿತ ಪ್ರದೇಶದಲ್ಲಿ ಪ್ರಚಾರ ಮಾಡಬೇಕು, ಸಂಬಂಧಪಟ್ಟ ಗ್ರಾಮಸಭೆಯಲ್ಲಿ ಚರ್ಚಿಸಬೇಕು. ಹೊಸ ಊರಿನಲ್ಲಿ ಶಾಲೆ ಎಲ್ಲಿ, ನೀರು ಎಲ್ಲಿಂದ, ಸ್ಮಶಾನಕ್ಕೆ ಜಾಗ ಎಲ್ಲಿ, ದನಕ್ಕೆ ಗೋಮಾಳ ಇದೆಯೋ ಇಲ್ಲವೋ ಅನ್ನುವುದನ್ನೆಲ್ಲ ಕೇಳುವ ಬಾಗಿಲು ಅದು. ಬಾಗಿಲು ಇರೋದು ಗೊತ್ತಿಲ್ಲದವರಿಗೆ ಅದೂ ಗೋಡೆಯೇ. ಅಪ್ಪನಿಗೆ ಕಾಗದ ಓದಲು ಬರದಿದ್ದರೆ, ಓದಲು ಬರುವ ಮಗ, ಮಗಳು ಆ ದಿನ ಊರಲ್ಲಿ ಇರಬೇಕು.

‘ನನ್ನೊಬ್ಬನಿಂದ ಏನಾಗ್ತದ?’

ಎಲ್ಲ ಹೇಳಿದ ಮೇಲೂ ಉಳಿಯುವ ಪ್ರಶ್ನೆ ಇದು. ಮೊದಲು ಅಂಕಿಗಳಿಂದಲೇ ಉತ್ತರ. 2018ರಲ್ಲಿ ಬಾದಾಮಿ ವಿಧಾನಸಭಾ ಕ್ಷೇತ್ರದಲ್ಲಿ, ಆಗಷ್ಟೇ ಮುಖ್ಯಮಂತ್ರಿಯಾಗಿ ಐದು ವರ್ಷ ಪೂರೈಸಿದ್ದ ಸಿದ್ದರಾಮಯ್ಯನವರು ಗೆದ್ದದ್ದು 1,696 ಮತಗಳಿಂದ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ: 40,752 ಮತ್ತು 40,751. ಗ್ರಾಮ ಪಂಚಾಯಿತಿ ವಾರ್ಡಿನಲ್ಲಂತೂ ಮತದಾರರೇ ಕಡಿಮೆ. ಸಮ ಬಂದರೆ ಚೀಟಿ ಎತ್ತುತ್ತಾರೆ. ನಾವು ಹೋಗದೆ ಉಳಿದ ಮತದ ಕೆಲಸವನ್ನು ಒಂದು ಚೀಟಿ ಮಾಡುತ್ತದೆ.

ಇನ್ನೊಂದು ಉತ್ತರ ಸ್ವಲ್ಪ ಕಹಿ. 2016ರಲ್ಲಿ ಆಯ್ಕೆಯಾದ ನಮ್ಮ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243-ಇ ವಿಧಿ ಹೇಳುತ್ತದೆ. ಆಗಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯ ಅಂತ ವರ್ಷಗಳು ಉರುಳಿದವು. ಚುನಾಯಿತರ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕೂತರು. ಮೇಲೆ ಎಣಿಸಿದ ಐದು ಹಂತಗಳಲ್ಲಿ ಎರಡು ಹಂತ ಜನರ ಕೈಯಿಂದ ಜಾರಿದವು. ಇದಕ್ಕಾಗಿ ಬಂದ್ ಆಗಲಿಲ್ಲ, ನಮ್ಮ ಸ್ಟೇಟಸ್ಸುಗಳಲ್ಲೂ ಬರಲಿಲ್ಲ. ಕ್ರಿಕೆಟ್ ಪಂದ್ಯ ಒಂದು ದಿನ ಮುಂದೆ ಹೋದರೆ ಇದಕ್ಕಿಂತ ಹೆಚ್ಚು ಕೂಗುತ್ತೇವೆ. ಬಳಸದ ಹಕ್ಕು ಕದ್ದು ಹೋಗಬೇಕಾಗಿಲ್ಲ. ಕಾಣದ ಹಾಗೆ ಮೂಲೆ ಸೇರುತ್ತದೆ, ಹುಡುಕುವವರೂ ಇರೋದಿಲ್ಲ.

ಹಾಸ್ಟೆಲ್ಲಿನಿಂದ ಏನು ಮಾಡಬಹುದು?

‘ನಾವು ಊರಲ್ಲೇ ಇರೋದಿಲ್ಲಲ್ಲ’ ಅನ್ನಬಹುದು. ಸರಿ, ಇರುವಲ್ಲಿಂದಲೇ ಆಗುವುದನ್ನು ಹೇಳುತ್ತೇನೆ.

ಮತದಾರರ ಪಟ್ಟಿಯಲ್ಲಿ ಹೆಸರು ಇದೆಯೋ ನೋಡಿಕೊಳ್ಳಿ. ಮೊದಲಿನ ಹಾಗೆ ಜನವರಿ 1ಕ್ಕೇ ಕಾಯಬೇಕಾಗಿಲ್ಲ. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೇ ತಾರೀಖು, ಹೀಗೆ ನಾಲ್ಕು ಅರ್ಹತಾ ದಿನಗಳಿವೆ. ಹೊಸದಾಗಿ ಸೇರಲು ನಮೂನೆ 6, ವಿಳಾಸ ಬದಲಾವಣೆ ಮತ್ತು ತಿದ್ದುಪಡಿಗೆ ನಮೂನೆ 8. ವಿದ್ಯಾರ್ಥಿಗಳು ಊರಿನಲ್ಲಾದರೂ ಹೆಸರು ಇಟ್ಟುಕೊಳ್ಳಬಹುದು, ಓದುವ ಊರಿನಲ್ಲಾದರೂ ಸೇರಿಸಬಹುದು. ಎರಡೂ ಕಡೆ ಇಡುವಂತಿಲ್ಲ. ಗ್ರಾಮಸಭೆಯ ಸದಸ್ಯತ್ವ ಊರಿನ ಪಟ್ಟಿಗೆ ಅಂಟಿಕೊಂಡಿದೆ ಅನ್ನುವುದನ್ನು ನೆನಪಿಟ್ಟು ನಿರ್ಧರಿಸಿ.

ರಜೆಗೆ ಊರಿಗೆ ಹೋಗುವಾಗ ಗ್ರಾಮಸಭೆಯ ದಿನಾಂಕ ಕೇಳಿ. ಜಾತ್ರೆಯ ದಿನ ನೋಡಿ ಟಿಕೆಟ್ ತೆಗೆಸುವ ನಮಗೆ ಇದು ಕಷ್ಟ ಅಲ್ಲ. ಜಾತ್ರೆಯಲ್ಲಿ ತೇರು ಎಳೆಯಲು ಯಾರೂ ‘ನನ್ನೊಬ್ಬನಿಂದ ಏನಾಗ್ತದ’ ಅಂತ ಕೇಳೋದಿಲ್ಲ. ಹಗ್ಗ ಸಿಕ್ಕರೆ ಸಾಕು ಅಂತ ನುಗ್ಗುತ್ತಾರೆ. ಗ್ರಾಮಸಭೆಯ ಹಗ್ಗ ಖಾಲಿ ಬಿದ್ದಿದೆ.

ಮನೆಯವರನ್ನೂ ಕರೆದುಕೊಂಡು ಹೋಗಿ, ಅದರಲ್ಲೂ ಅವ್ವನನ್ನು, ಅಕ್ಕನನ್ನು. ನೂರಕ್ಕೆ 30 ಅನ್ನುವ ನಿಯಮ ಪುಸ್ತಕದಲ್ಲಿ ತುಂಬಿದರೆ ಸಾಲದು, ಕುರ್ಚಿಯಲ್ಲಿ ತುಂಬಬೇಕು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಊರಿನ ಯಾವ ಅಧಿಕಾರಿಗಿಂತ ಚೆನ್ನಾಗಿ ಅವರಿಗೆ ಗೊತ್ತು.

ನಮ್ಮ ಹತ್ತು ಪ್ರಶ್ನೆ

ಅಮೆರಿಕದವರ ಹಾಗೆ ನಾವೂ ಒಂದು ಪಟ್ಟಿ ಮಾಡಿಕೊಳ್ಳೋಣ. ಪಾಸಾಗಲು 6 ಸರಿ ಉತ್ತರ ಸಾಕು. ಉತ್ತರ ಗೂಗಲ್ಲಿನಲ್ಲಿ ಪೂರ್ತಿ ಸಿಗೋದಿಲ್ಲ, ಊರಿಗೆ ಫೋನ್ ಮಾಡಬೇಕಾಗುತ್ತದೆ.

1. ನಿಮ್ಮ ಗ್ರಾಮ ಪಂಚಾಯಿತಿ ಯಾವುದು? ಅದರಲ್ಲಿ ಎಷ್ಟು ಹಳ್ಳಿಗಳಿವೆ?
2. ನಿಮ್ಮ ವಾರ್ಡಿನ ಸದಸ್ಯರು ಯಾರು? ಅವಧಿ ಮುಗಿದು ಆಡಳಿತಾಧಿಕಾರಿ ಬಂದಿದ್ದರೆ ಅದೂ ಉತ್ತರವೇ.
3. ನಿಮ್ಮ ಪಿಡಿಒ ಯಾರು? ಕಚೇರಿ ಎಲ್ಲಿದೆ?
4. ಕಳೆದ ಗ್ರಾಮಸಭೆ ಯಾವಾಗ, ಎಲ್ಲಿ ನಡೆಯಿತು?
5. ನಿಮ್ಮ ಮನೆಯ ವಾರ್ಷಿಕ ತೆರಿಗೆ ಎಷ್ಟು? ಕಟ್ಟಿದ್ದೀರಾ?
6. ಕಳೆದ ವರ್ಷ ನಿಮ್ಮ ವಾರ್ಡಿನಲ್ಲಿ ಆದ ಒಂದು ಕೆಲಸ ಯಾವುದು? ಖರ್ಚು ಎಷ್ಟು?
7. ಕುಡಿಯುವ ನೀರಿನ ಮೂಲ ಯಾವುದು? ಅದನ್ನು ಪರೀಕ್ಷೆ ಮಾಡಿದ್ದಾರಾ?
8. ನಿಮ್ಮ ವಿಧಾನಸಭಾ ಕ್ಷೇತ್ರ ಯಾವುದು? ಲೋಕಸಭಾ ಕ್ಷೇತ್ರ ಯಾವುದು?
9. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿದೆ? ಮತಗಟ್ಟೆ ಯಾವುದು?
10. ಮುಂದಿನ ಗ್ರಾಮಸಭೆಯಲ್ಲಿ ನೀವು ಕೇಳಬೇಕಾದ ಒಂದೇ ಒಂದು ಪ್ರಶ್ನೆ ಯಾವುದು?

ಹತ್ತನೇ ಪ್ರಶ್ನೆಗೆ ಸರಿ, ತಪ್ಪು ಇಲ್ಲ. ಆದರೆ ಅದು ಖಾಲಿ ಉಳಿದರೆ ಮಿಕ್ಕ ಒಂಬತ್ತು ಉತ್ತರಗಳೂ ಬರೀ ಅಂಕದ ಲೆಕ್ಕ. ನಮ್ಮಲ್ಲಿ ಕೆಲವರು ನಾಳೆ ಅಮೆರಿಕಕ್ಕೆ ಹೋಗುತ್ತಾರೆ, ಅಲ್ಲಿನ ಪರೀಕ್ಷೆಯನ್ನೂ ಪಾಸಾಗುತ್ತಾರೆ. ಒಳ್ಳೆಯದೇ ಆಗಲಿ. ಹೋಗುವ ಮೊದಲು ಈ ಹತ್ತು ಉತ್ತರ ಬರೆದು ನೋಡಿ. ಮುಂದಿನ ಸಂಚಿಕೆಯ ಹೊತ್ತಿಗೆ ನಿಮ್ಮ ಹತ್ತನೇ ಪ್ರಶ್ನೆ ಏನು, ಅದಕ್ಕೆ ಸಭೆಯಲ್ಲಿ ಸಿಕ್ಕ ಉತ್ತರ ಏನು ಅಂತ ನಮ್ಮ ಕನ್ನಡ ಸಂಘಕ್ಕೆ ಬರೆದು ಕಳಿಸಿ. ಬಂದವನ್ನು ಎಲ್ಲರೂ ಓದುವ ಹಾಗೆ ಹಾಕೋಣ.